ಹದಿನೇಳನೇ ಮಿಷನ್

ನನ್ನ ಕಣ್ಣು ಹೋಗುತ್ತಿದೆ ಅನ್ನುವುದು ನನಗಿಂತ ಮೊದಲು ಗೊತ್ತಾದದ್ದು ನನ್ನ ಹೆಂಡತಿಗೆ.

ನಮ್ಮೂರು ಕೈಲಾಂಚದ ಆಚೆ. ಒಂದು ಸಂಜೆ ಕೆಲಸ ಮುಗಿಸಿ ಬೈಕಿನಲ್ಲಿ ಬರುವಾಗ, ರಸ್ತೆಯ ಮೇಲೆ ಯಾರೋ ಒಕ್ಕಣೆಗೆ ಹರಡಿದ್ದ ಹುರುಳಿ ಬಳ್ಳಿಗೆ ಚಕ್ರ ಹತ್ತಿಸಿ ಬಿದ್ದೆ. ಮೊಣಕಾಲು ತರಚಿತ್ತು, ಅಷ್ಟೆ. ಮನೆಗೆ ಬಂದು ಹುರುಳಿ ಹಾಕಿದವರನ್ನು ಬಯ್ಯತೊಡಗಿದೆ. ಹೆಂಡತಿ ಗಾಯಕ್ಕೆ ಅರಿಶಿನ ಒತ್ತುತ್ತಾ, “ಅವ್ರು ವರ್ಸಾ ವರ್ಸಾ ಅಲ್ಲೇ ಹಾಕ್ತಾರೆ. ಈ ಸಲ ನಿಮ್ಗೆ ಕಾಣ್ನಿಲ್ಲ” ಅಂದಳು.

“ಕತ್ತಲಾಗ್ತಿತ್ತು.”

“ಇನ್ನೂ ದೀಪ ಹಚ್ಚೋ ಹೊತ್ತಾಗಿರ್ನಿಲ್ಲ. ಮೊನ್ನೆ ಗೂಡು ಕಟ್ಟೋಕೆ ಹಣ್ಣಾದ ಹುಳ ಆರ್ಸಿ ಅಂದ್ರೆ ತಟ್ಟೆ ಮಧ್ಯದ್ದು ಮಾತ್ರ ಆರ್ಸಿ, ಅಂಚಿಂದೆಲ್ಲ ಬುಟ್ಬುಟ್ರಿ. ನೀರು ಕೊಟ್ರೆ ಲೋಟ ಹಿಡಿಯೋಕೆ ಒಸಿ ತಡಕಾಡ್ತೀರಿ. ಕಣ್ಣು ತೋರ್ಸಿ.”

ರೇಷ್ಮೆ ಹುಳ ಸಾಕುವವಳ ಕಣ್ಣು ಅದು. ಹುಳ ಮೇವು ಬಿಟ್ಟ ಗಳಿಗೆಯನ್ನೇ ಕಂಡುಹಿಡಿಯುವವಳಿಗೆ ಗಂಡ ತಡಕಾಡುವುದು ಕಾಣದೆ ಇರುತ್ತದೆಯೇ? ನಾನು ಮಾತ್ರ “ಕಂಪ್ಯೂಟರ್ ನೋಡಿ ನೋಡಿ ದಣಿದೈತೆ” ಅಂದು ಎದ್ದುಬಿಟ್ಟೆ. ಹಾಗೆ ಎದ್ದುಹೋದದ್ದಕ್ಕೆ ಬೇರೆ ಯಾರೋ ಬೆಲೆ ತೆರಬೇಕಾಗಿ ಬಂತು.

ಚನ್ನಪಟ್ಟಣದ ಹತ್ತಿರದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ಪಾಠ ಹೇಳುವ ಕೆಲಸವಲ್ಲ. ಮಿಷನ್‌ಗಳನ್ನು ನಡೆಸುವುದು, ಕೆಟ್ಟರೆ ಸರಿಮಾಡುವುದು. ನಮ್ಮ ಲ್ಯಾಬಿನ ಮೇಜುಗಳ ಮೇಲಿರುವ ಕಂಪ್ಯೂಟರ್‌ಗಳು ಬಹಳ ಹಳೆಯವು. ಪಕ್ಕದ ಸಣ್ಣ ಕೋಣೆಯಲ್ಲಿ ಒಂದು ಸರ್ವರ್ ಇದೆ, ಅದು ಗಟ್ಟಿ ಯಂತ್ರ. ಅದರ ಮೆಮೊರಿಯನ್ನೂ ಡಿಸ್ಕನ್ನೂ ಪಾಲು ಮಾಡಿ, ಅದರೊಳಗೇ ವಿದ್ಯಾರ್ಥಿಗೊಂದರಂತೆ ಕಂಪ್ಯೂಟರ್ ಮಾಡಿಟ್ಟಿದ್ದೆ. ಅವಕ್ಕೆ ಪೆಟ್ಟಿಗೆಯಿಲ್ಲ, ತಂತಿಯಿಲ್ಲ, ಮುಟ್ಟೋಣವೆಂದರೆ ಏನೂ ಇಲ್ಲ. ಆದರೆ ಒಳಗೆ ಕೂತು ಕೆಲಸ ಮಾಡುವವರಿಗೆ ಅದು ಪೂರ್ತಿ ಕಂಪ್ಯೂಟರೇ. ವರ್ಚುವಲ್ ಮಿಷನ್ ಅನ್ನುತ್ತಾರೆ. ಹಿಂದೊಮ್ಮೆ ಹೆಂಡತಿಗೆ ಇದನ್ನು ವಿವರಿಸಿದಾಗ ಅವಳು, “ಅಂದ್ರೆ ಹುಳಿನ ಮನೆ ಒಂದೇ, ತಟ್ಟೆ ಬೇರೆ ಬೇರೆ” ಅಂದಿದ್ದಳು. ನಮ್ಮ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದ ವಿವರಣೆಗಿಂತ ಅದೇ ಸಲೀಸಾಗಿತ್ತು.

ಪ್ರತಿ ಮಿಷನ್‌ಗೂ ಒಂದು ಹೆಸರು: ಬ್ಯಾಚಿನ ಅಂಕಿ, ಆಮೇಲೆ ಹುಡುಗರ ರೋಲ್ ನಂಬರು. ಹೋದ ಬ್ಯಾಚಿನ ಹದಿನೇಳಕ್ಕೂ ಈ ಬ್ಯಾಚಿನ ಹದಿನೇಳಕ್ಕೂ ವ್ಯತ್ಯಾಸ ಒಂದೇ ಒಂದು ಅಂಕಿ. ಹೆಸರಿಟ್ಟವನೂ ನಾನೇ.

ಆ ವರ್ಷ ಈ ಬ್ಯಾಚಿನ ಹದಿನೇಳನೆಯ ನಂಬರು ಚನ್ನಪಟ್ಟಣದ ಒಬ್ಬ ಹುಡುಗಿಯದು. ಕೊನೆಯ ವರ್ಷ. ಅವಳ ತಂದೆ ಗೊಂಬೆ ಕೆಲಸದವರು, ಲೇತ್ ಮೇಲೆ ಆಲೆ ಮರ ಕಡೆದು ಅರಗಿನ ಬಣ್ಣ ಹಾಕುವವರು. ಬೇರೆಯವರೆಲ್ಲ ಪ್ರಾಜೆಕ್ಟಿಗೆ ಹಾಜರಿ ಪುಸ್ತಕ, ಲೈಬ್ರರಿ ಪಟ್ಟಿ ಅಂತ ಹಳೆಯದನ್ನೇ ತಿರುವಿ ಬರೆದರೆ, ಅವಳು ತನ್ನ ಬೀದಿಯಲ್ಲಿ ಮಾಡುವ ಗೊಂಬೆಗಳ ಲೆಕ್ಕವನ್ನೇ ಎತ್ತಿಕೊಂಡಿದ್ದಳು. ಪ್ರತಿ ಗೊಂಬೆಯ ಫೋಟೊ, ಅಳತೆ, ಬಣ್ಣದ ಕ್ರಮ, ಜೊತೆಗೆ ಮಾಡುವವರ ಬಾಯಲ್ಲೇ ಅದರ ವಿವರ. ಅದರಲ್ಲಿ ಅವಳ ದಾದಿಯ, ಅಂದರೆ ತಂದೆಯ ತಾಯಿಯ, ಧ್ವನಿಯೂ ಇತ್ತು. ಆ ಮುದುಕಿ ವರ್ಷಗಟ್ಟಲೆ ಗೊಂಬೆಗಳಿಗೆ ತಾಳೆಗರಿ ತಿಕ್ಕಿ ಹೊಳಪು ಕೊಟ್ಟವರು. ಈಗ ಯಾರೂ ಮಾಡದ ಗೊಂಬೆಗಳ ಹೆಸರುಗಳನ್ನು ಒಂದೊಂದಾಗಿ ಹೇಳಿದ್ದರು. ರೆಕಾರ್ಡ್ ಮಾಡಿದ ಕೆಲವು ತಿಂಗಳಿಗೆ ತೀರಿಕೊಂಡರು. ಹುಡುಗಿಯ ಫೋನಿನಲ್ಲಿ ಜಾಗವಿರಲಿಲ್ಲ. ಎಲ್ಲವನ್ನೂ ತನ್ನ ಮಿಷನ್‌ಗೆ ಹಾಕಿ, ಫೋನಿನಲ್ಲಿದ್ದುದನ್ನು ಅಳಿಸಿದ್ದಳು. ಕಾಲೇಜಿನ ಸರ್ವರ್ ಅಂದರೆ ಭದ್ರ ಅಂದುಕೊಂಡಿದ್ದಳು. ಹಾಗೆ ಹೇಳಿದ್ದವನು ನಾನೇ.

ವಾರಕ್ಕೊಮ್ಮೆ ಎಲ್ಲ ಮಿಷನ್‌ಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆಯುವುದು ನನ್ನ ಕೆಲಸಗಳಲ್ಲೊಂದು. ಆ ಡಿಸ್ಕಿನ ಸಣ್ಣ ಅಕ್ಷರದ ಚೀಟಿಗಳನ್ನು ಓದುವುದು ಕಷ್ಟವಾಗತೊಡಗಿದ ಮೇಲೆ ಒಂದು ವಾರ ತಪ್ಪಿಸಿದೆ, ಆಮೇಲೆ ಇನ್ನೊಂದು ವಾರ. ಆಮೇಲೆ ತಪ್ಪಿಸುತ್ತಿದ್ದೇನೆ ಅನ್ನುವುದೇ ಮರೆತುಹೋಯಿತು.

ಒಂದು ಶನಿವಾರ ಡಿಸ್ಕ್ ತುಂಬಿದೆಯೆಂದು ಹೋದ ಬ್ಯಾಚಿನ ಮಿಷನ್‌ಗಳನ್ನು ತೆಗೆದುಹಾಕಲು ಕೂತೆ. ಆಗೆಲ್ಲ ನಾನು ಮೌಸಿನಲ್ಲೇ ಮಾಡುತ್ತಿದ್ದೆ. ಪರದೆಯ ಮೇಲೆ ಹೆಸರುಗಳ ಉದ್ದ ಪಟ್ಟಿ. ಬೇಕಾದ ಸಾಲಿನ ಮೇಲೆ ಒತ್ತಿದರೆ ಅದು ತಿಳಿನೀಲಿಯಾಗುತ್ತದೆ. ಅಳಿಸು ಅಂದರೆ ‘ಖಂಡಿತವಾಗಿಯೂ?’ ಅಂತ ಒಂದು ಚೌಕ ಎದ್ದು ಬರುತ್ತದೆ. ಆ ತಿಳಿನೀಲಿ ನನಗೆ ಆಗಲೇ ಬಿಳಿಯಲ್ಲಿ ಬೆರೆತುಹೋಗಿತ್ತು. ಚೌಕದಲ್ಲಿ ಹೆಸರು ಇರುತ್ತಿತ್ತು, ಆದರೆ ಓದುವ ಅಭ್ಯಾಸವೇ ತಪ್ಪಿತ್ತು. ಬೆರಳು ತಾನಾಗಿ ಎಂಟರ್ ಒತ್ತುತ್ತಿತ್ತು. ಒಂದಾದ ಮೇಲೊಂದು ಒತ್ತುತ್ತಾ ಹೋದೆ. ಜಾಗ ಸಿಕ್ಕಿತೆಂದು ಖುಷಿಯಾಗಿ, ಅದೇ ಜಾಗದಲ್ಲಿ ಮೊದಲ ವರ್ಷದವರಿಗೆ ಹೊಸ ಮಿಷನ್‌ಗಳನ್ನೂ ಮಾಡಿಟ್ಟು ಬೈಕು ಹತ್ತಿದೆ.

ಸೋಮವಾರ ಬೆಳಿಗ್ಗೆ ಹುಡುಗಿ ಬಂದು, “ಸರ್, ನನ್ನ ಮಿಷನ್ ಕಾಣಿಸ್ತಿಲ್ಲ” ಅಂದಳು.

ಪಟ್ಟಿಯನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದೆ. ಹೋದ ಬ್ಯಾಚಿನ ಹದಿನೇಳು ಅಲ್ಲೇ ಇತ್ತು. ಈ ಬ್ಯಾಚಿನದು ಇರಲಿಲ್ಲ. ಏನಾಗಿದೆಯೆಂದು ಆ ಕ್ಷಣವೇ ಗೊತ್ತಾಯಿತು. ಪ್ರತಿ ಇಟ್ಟ ಡಿಸ್ಕು ತೆಗೆದು ಹುಡುಕಿದೆ. ಅದರಲ್ಲಿದ್ದದ್ದು ಅವಳು ಪ್ರಾಜೆಕ್ಟು ಶುರುಮಾಡುವುದಕ್ಕೂ ಹಿಂದಿನದು. ಅಳಿಸಿದ್ದನ್ನು ವಾಪಸ್ ತರುವ ಉಪಾಯಗಳಿವೆ, ಆದರೆ ಆ ಜಾಗದ ಮೇಲೆ ನಾನೇ ಹೊಸದನ್ನು ಬರೆದುಬಿಟ್ಟಿದ್ದೆ. ಇಡೀ ದಿನ ಪ್ರಯತ್ನಪಟ್ಟೆ. ಸಿಕ್ಕಿದ್ದು ಅರ್ಥವಿಲ್ಲದ ತುಣುಕುಗಳು.

ಸಹೋದ್ಯೋಗಿಯೊಬ್ಬರು ಕೋಣೆಗೆ ಇಣುಕಿ, “ಭಾನುವಾರ ಕರೆಂಟು ಹೋಗಿ ಬಂದು ಮಾಡ್ತಿತ್ತಂತೆ, ಅದಕ್ಕೇ ಆಗಿರ್ಬೇಕು” ಅಂದರು. ನಾನು ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಸಂಜೆಯೊಳಗೆ ಇಡೀ ಕಾಲೇಜಿಗೆ ಅದೇ ಸುದ್ದಿಯಾಯಿತು.

ಹೊರಡುವ ಹೊತ್ತಿಗೆ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಅತ್ತು ಮುಖ ತೊಳೆದುಕೊಂಡು ಬಂದಂತಿತ್ತು. “ಸರ್, ತಪ್ಪು ನಂದೇ. ನಾನೇ ಒಂದು ಕಾಪಿ ಇಟ್ಕೋಬೇಕಿತ್ತು. ನೀವು ಇಡೀ ದಿನ ಊಟಾನೂ ಮಾಡಿಲ್ಲವಂತೆ. ಸಾರಿ ಸರ್.”

ನಾನು “ಪರವಾಗಿಲ್ಲಮ್ಮ” ಅಂದೆ.

ಈ ಕಥೆಯಲ್ಲಿ ನನಗೆ ಈಗಲೂ ನಾಚಿಕೆ ತರುವುದು ಆ ಒಂದು ಪದ. ಅಳಿಸಿದ್ದು ಕಣ್ಣಿನ ತಪ್ಪು ಅನ್ನಬಹುದು. ಅವಳು ಕೇಳಿದ ಕ್ಷಮೆಯನ್ನು ಇಸಕೊಂಡು ಮನೆಗೆ ಹೋದದ್ದು ಯಾವ ಕಣ್ಣಿನ ತಪ್ಪೂ ಅಲ್ಲ.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಸೊಪ್ಪು ಕತ್ತರಿಸುವುದನ್ನು ನಿಲ್ಲಿಸಲಿಲ್ಲ. “ಆ ಮಗೀಗೆ ನಾಳೀಕೇ ಹೇಳಿ. ನಾಳಿದ್ದು ಅಂದ್ರೆ ಹೇಳಕ್ಕಾಗಕಿಲ್ಲ ನಿಮ್ಗೆ” ಅಂದಳು.

ಮರುದಿನ ಮೊದಲು ಪ್ರಾಂಶುಪಾಲರ ಕೋಣೆಗೆ ಹೋದೆ. ಅವರು ನಿವೃತ್ತಿಗೆ ಹತ್ತಿರವಾಗಿದ್ದ, ಮಾತು ಕಡಿಮೆಯ ಹೆಂಗಸು. ಎಲ್ಲ ಹೇಳಿದೆ: ಮಿಷನ್ ಅಳಿಸಿದ್ದು, ಪ್ರತಿ ತೆಗೆಯದೇ ಬಿಟ್ಟದ್ದು, ಕಣ್ಣು ಸರಿಯಾಗಿ ಕಾಣದೆ ವರ್ಷವಾಗುತ್ತಾ ಬಂದದ್ದು.

“ಆ ಹುಡುಗೀಗೆ ಹೇಳಿದ್ರಾ?”

“ಇಲ್ಲ ಮೇಡಂ. ಮೊದ್ಲು ನಿಮ್ಗೆ ಹೇಳೋಣ ಅಂತ...”

“ನನಗೆ ಹೇಳೋದು ಸುಲಭ. ಹೋಗಿ ಅವಳಿಗೆ ಹೇಳಿ ಬನ್ನಿ.”

ಹುಡುಗಿ ಹೊಂಗೆ ಮರದ ಕೆಳಗಿನ ಕಟ್ಟೆಯ ಮೇಲೆ ನೋಟ್‌ಬುಕ್ಕಿನಲ್ಲಿ ನೆನಪಿದ್ದಷ್ಟನ್ನು ಬರೆದುಕೊಳ್ಳುತ್ತಿದ್ದಳು. ನಾನು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡಳು.

“ಹಾಗಾದ್ರೆ ಕರೆಂಟ್ ಅಲ್ವಾ ಸರ್?”

“ಅಲ್ಲಮ್ಮ. ನಾನು.”

“ನಿನ್ನೆ ನಾನು ಸಾರಿ ಕೇಳಿದಾಗ ಯಾಕೆ ಹೇಳ್ಲಿಲ್ಲ?”

ಅವಳು ನೋಟ್‌ಬುಕ್ಕು ಮುಚ್ಚಿ ಕ್ಲಾಸಿಗೆ ಹೋದಳು.

ಪ್ರಾಂಶುಪಾಲರು ಸರ್ವರ್ ಕೋಣೆಯ ಬೀಗದ ಕೈಯನ್ನು ನನ್ನಿಂದ ತೆಗೆದುಕೊಂಡು, ಮಾಗಡಿ ಕಡೆಯಿಂದ ಆಗಷ್ಟೇ ಬಂದಿದ್ದ ಒಬ್ಬ ಯುವ ಉಪನ್ಯಾಸಕರಿಗೆ ಕೊಟ್ಟರು. ಅದು ಸರಿಯಾಗಿಯೇ ಇತ್ತು. ನನಗೆ ದಾಸ್ತಾನು ಪುಸ್ತಕ, ಹಾಜರಿ ಪುಸ್ತಕ. ಆ ವಾರವೇ ಹೆಂಡತಿ ನನ್ನನ್ನು ಬೆಂಗಳೂರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದಳು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಳಕ್ಕೆ ಸವೆಯುತ್ತಾ ಬರುವ ಕಾಯಿಲೆ, ರಕ್ತದಲ್ಲೇ ಬಂದದ್ದು, ಔಷಧಿ ಇಲ್ಲ ಅಂದರು. ಪೈಪಿನೊಳಗಿಂದ ನೋಡಿದಷ್ಟು ಉಳಿದಿದೆ, ಅದೂ ನಿಧಾನವಾಗಿ ಕಿರಿದಾಗುತ್ತದೆ. ಡಾಕ್ಟರು ಹೇಳುವಾಗ ಹೆಂಡತಿ ನನ್ನ ಕೈ ಹಿಡಿದುಕೊಂಡಿದ್ದಳು. ಮದುವೆಯಾದ ಮೇಲೆ ನಾಲ್ಕು ಜನರ ಎದುರು ಅವಳು ಹಾಗೆ ಹಿಡಿದದ್ದು ಅದೇ ಮೊದಲು.

ಬೈಕು ಮಾರಿದೆವು. ಬಸ್ಸಿನಲ್ಲಿ ಓಡಾಡತೊಡಗಿದೆ.

ಹುಡುಗಿಯ ಮನೆಗೆ ಹೋಗಬೇಕು ಅನ್ನಿಸುತ್ತಿತ್ತು, ಧೈರ್ಯ ಬರುತ್ತಿರಲಿಲ್ಲ. ಕೊನೆಗೆ ಒಂದು ಭಾನುವಾರ ಹೋದೆ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಮರದ ಹೊಟ್ಟಿನ ವಾಸನೆ, ಬಿಸಿ ಅರಗಿನ ವಾಸನೆ. ತಂದೆ ಲೇತ್ ನಿಲ್ಲಿಸಿ ಎದ್ದರು. ನಾನು ಯಾರೆಂದು ಹುಡುಗಿ ಹೇಳಿದಳು. ತಾಯಿ ಹೊಳಪು ಕೊಡುತ್ತಿದ್ದ ಗೊಂಬೆಯನ್ನು ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು. “ನಮ್ ಅತ್ತೆ ಆವಾಜು ಇನ್ನು ಬರಲ್ವಾ ಸಾರ್?”

“ಬರಲ್ಲಮ್ಮ. ಹುಡುಕಿದೆ. ಬರಲ್ಲ.”

ಅವರು ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದರು. ನಾನು ನಿಂತೇ ಇದ್ದೆ. ತಂದೆ ಒಂದು ಸ್ಟೂಲು ಎಳೆದು, ಅದು ನನಗೆ ಕಾಣುತ್ತಿಲ್ಲವೆಂದು ಗೊತ್ತಾಗಿ, ತೋಳು ಹಿಡಿದು ಕೂರಿಸಿದರು.

“ಕಣ್ಣು ಎಷ್ಟು ದಿನದಿಂದ ಸಾರ್?”

“ಒಂದು ವರ್ಷದ ಮೇಲಾಯ್ತು.”

“ಯಾರಿಗೂ ಹೇಳಿರ್ಲಿಲ್ಲ?”

“ಇಲ್ಲ.”

ಅವರು ಉಳಿಯ ಅಂಚನ್ನು ಹೆಬ್ಬೆರಳಲ್ಲಿ ಸವರಿದರು. “ನಾನಾಗಿದ್ರೂ ಹೇಳ್ತಿರ್ಲಿಲ್ಲ ಸಾರ್. ಲೇತ್ ಮುಂದೆ ಕೂರೋನಿಗೆ ಕಣ್ಣಿಲ್ಲ ಅಂತ ಗೊತ್ತಾದ್ರೆ ಯಾರು ಕೆಲಸ ಕೊಡ್ತಾರೆ?” ಅಂದರು. ಆಮೇಲೆ ಮಗಳ ಕಡೆ ತಿರುಗಿ, “ಬರಕೋ. ನಮ್ಮಮ್ಮ ಹೇಳಿದ್ದರಲ್ಲಿ ನನಗೆ ಎಷ್ಟು ನೆನಪೈತೋ ಅಷ್ಟು ಹೇಳ್ತೀನಿ. ಉಳಿದದ್ದು ನಮ್ ಪುಪ್ಪುಗೆ ಕೇಳೋಣ” ಅಂದರು. ಪುಪ್ಪು ಅಂದರೆ ಅವರ ಸೋದರತ್ತೆ. ಪಕ್ಕದ ಬೀದಿಯಲ್ಲೇ ಇದ್ದರು.

ನಾನು ಕ್ಷಮಿಸಿ ಅಂತ ಕೇಳಲು ಹೋಗಿದ್ದೆ. ಅವರು ಕ್ಷಮಿಸಿದ್ದೇನೆ ಅನ್ನಲಿಲ್ಲ. ಚಹಾ ಕೊಟ್ಟರು, ಕೆಲಸ ಶುರುಮಾಡಿದರು. ಮುಂದಿನ ಆರೇಳು ಭಾನುವಾರ ನಾನೂ ಅಲ್ಲಿಗೆ ಹೋಗುತ್ತಿದ್ದೆ. ಹುಡುಗಿ ಪ್ರಶ್ನೆ ಕೇಳುವಾಗ ಫೋನು ಹಿಡಿದು ಕೂರುವುದು, ಮುಗಿದ ಕೂಡಲೇ ಅಲ್ಲೇ ಎರಡು ಬೇರೆ ಬೇರೆ ಡಿಸ್ಕಿಗೆ ಪ್ರತಿ ಮಾಡಿ, ಒಂದನ್ನು ಅವಳ ಕೈಗೆ ಕೊಡುವುದು. ಅವಳು ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ.

ಅವಳ ಸೋದರಸಂಬಂಧಿಯೊಬ್ಬನ ಫೋನಿನಲ್ಲಿ ದಾದಿಯ ಮೂರು ತುಣುಕುಗಳು ಸಿಕ್ಕವು. ಅವಳೇ ಹಿಂದೊಮ್ಮೆ ಕಳಿಸಿದ್ದಂತೆ. ಒಂದರಲ್ಲಿ ಮುದುಕಿ ಗೊಂಬೆಯ ವಿಷಯವನ್ನೇ ಹೇಳುತ್ತಿರಲಿಲ್ಲ. ಹಾಲು ಉಕ್ಕುತ್ತಿದೆ, ನೋಡು ಅಂತ ಯಾರನ್ನೋ ಕೂಗುತ್ತಿದ್ದರು. ತಾಯಿ ಅದನ್ನೇ ಮತ್ತೆ ಮತ್ತೆ ಹಾಕಿಸಿ ಕೇಳಿದರು.

ಕಣ್ಣಾಸ್ಪತ್ರೆಯಲ್ಲಿ ಒಬ್ಬರ ಫೋನ್ ನಂಬರು ಕೊಟ್ಟಿದ್ದರು. ಕನಕಪುರದ ಒಂದು ಕಚೇರಿಯಲ್ಲಿ ಟೆಲಿಫೋನ್ ನೋಡಿಕೊಳ್ಳುವ ಹೆಂಗಸು, ಸಾತನೂರಿನ ಕಡೆಯವರು, ಹುಟ್ಟಿನಿಂದ ದೃಷ್ಟಿಯಿಲ್ಲ. ಪರದೆಯನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಬಳಸುವುದನ್ನು ಹೇಳಿಕೊಡುತ್ತಾರೆ ಅಂದಿದ್ದರು. ನಂಬರು ಜೇಬಿನಲ್ಲಿಟ್ಟುಕೊಂಡು ಬಹಳ ದಿನ ಸುಮ್ಮನಿದ್ದೆ. ಕೊನೆಗೊಂದು ದಿನ ಬಸ್ಸು ಹತ್ತಿ ಹೋದೆ.

ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ನಾನು ಅಕ್ಕ ಅಂದೆ. ಕಿವಿಗೆ ಹೆಡ್‌ಫೋನ್ ಹಾಕಿ ಅವರು ತಮ್ಮ ಕಂಪ್ಯೂಟರ್ ಕೇಳಿಸಿದರು. ಆ ಧ್ವನಿ ಮಾತಾಡುತ್ತಿದ್ದ ವೇಗಕ್ಕೆ ಒಂದಕ್ಷರ ಹಿಡಿಯಲಾಗಲಿಲ್ಲ.

“ಅಕ್ಕ, ಒಸಿ ನಿಧಾನ ಮಾಡಿ.”

“ಅದನ್ನ ನಿಧಾನ ಮಾಡಿದ್ರೆ ನೀವು ಜೀವಮಾನ ಪೂರ್ತಿ ನಿಧಾನ ಆಗೋಯ್ತೀರಿ. ಕಿವಿ ಚುರುಕು ಮಾಡ್ಕಳಿ” ಅಂದರು. ನಾನು ಮಾಡುವ ಕೆಲಸದ ಬಗ್ಗೆ ಕೇಳಿದರು. ಸರ್ವರ್, ವರ್ಚುವಲ್ ಮಿಷನ್ ಅಂದೆ. “ಅದೇನೋ ನಂಗೊತ್ತಿಲ್ಲಪ್ಪ. ಒಂದು ಮಾತ್ರ ಗೊತ್ತು. ಚಿತ್ರ ಇದ್ರೆ ಇದು ಬಾಯಿ ಮುಚ್ಕಂಡ್ಬುಡ್ತದೆ. ಅಕ್ಷರ ಇದ್ರೆ ಎಂಥದ್ದಾದ್ರೂ ಓದ್ತದೆ. ನಿಮ್ ಕೆಲಸದಲ್ಲಿ ಅಕ್ಷರ ಐತಾ?”

ಬಸ್ಸಿನಲ್ಲಿ ವಾಪಸ್ ಬರುವಾಗ ಆ ಪ್ರಶ್ನೆಯನ್ನೇ ಯೋಚಿಸಿದೆ. ಅಕ್ಷರವಿತ್ತು. ಆ ಪಟ್ಟಿ, ಬಣ್ಣ, ಗುಂಡಿಗಳೆಲ್ಲ ಮೇಲಿನ ಅಲಂಕಾರ. ಅವುಗಳ ಕೆಳಗೆ ಆ ಸರ್ವರ್ ಆಜ್ಞೆಗಳಲ್ಲೇ ನಡೆಯುತ್ತದೆ. ಕಪ್ಪು ಪರದೆ, ಒಂದು ಸಾಲು, ಅದರಲ್ಲಿ ಬೇಕಾದ್ದನ್ನು ಟೈಪ್ ಮಾಡಬೇಕು. ಅದು ಉತ್ತರವನ್ನು ಅಕ್ಷರದಲ್ಲೇ ಕೊಡುತ್ತದೆ. ಕಲಿಯುವಾಗ ಒಂದಿಷ್ಟು ಕಲಿತಿದ್ದೆ, ಮೌಸ್ ಸುಲಭವೆಂದು ಬಿಟ್ಟಿದ್ದೆ.

ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪಿನೊಳಗೆ ಎರಡು ಪುಟ್ಟ ಮಿಷನ್ ಮಾಡಿಕೊಂಡು, ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಒಂದೊಂದು ಗಂಟೆ ಅಭ್ಯಾಸಕ್ಕೆ ಕೂತೆ. ವರ್ಶ್ ಅನ್ನುವ ಪದದಿಂದ ಶುರುವಾಗುವ ಆಜ್ಞೆಗಳು. ಲಿಸ್ಟ್ ಅಂದರೆ ಯಾವ ಯಾವ ಮಿಷನ್ ಇವೆ, ಯಾವುದು ನಡೆಯುತ್ತಿದೆ, ಯಾವುದು ನಿಂತಿದೆ ಅಂತ ಸಾಲುಸಾಲಾಗಿ ಕಿವಿಯಲ್ಲಿ ಓದುತ್ತದೆ. ಸ್ಟಾರ್ಟ್ ಅಂದು ಹೆಸರು ಹೇಳಿದರೆ ಏಳುತ್ತದೆ. ಶಟ್‌ಡೌನ್ ಅಂದರೆ ಮಲಗುತ್ತದೆ, ಅದೂ ಅದಕ್ಕೆ ಮನಸ್ಸಿದ್ದರೆ. ಮಾತು ಕೇಳದೆ ಮೊಂಡು ಹಿಡಿದ ಮಿಷನ್‌ಗೆ ಡಿಸ್ಟ್ರಾಯ್ ಅನ್ನಬೇಕು.

ಒಂದು ಬೆಳಿಗ್ಗೆ ಹೆಡ್‌ಫೋನ್ ಹಾಕದೆ ಕೂತಿದ್ದೆ. ಸೊಪ್ಪಿನ ಮಂಕರಿ ಹೊತ್ತು ಹುಳುವಿನ ಮನೆಗೆ ಹೊರಟಿದ್ದ ಹೆಂಡತಿ ನಿಂತಳು. ಅವಳು ಹತ್ತನೇ ಕ್ಲಾಸು ಓದಿದವಳು. “ಡಿಸ್ಟ್ರಾಯ್ ಅಂತೈತಲ್ಲ ಅದು, ಇನ್ನೇನ್ ಹಾಳ್ ಮಾಡ್ತಿದ್ದೀರಿ?”

“ಹಾಳಲ್ಲ ಕಣೇ, ಸುಮ್ನೆ ಕರೆಂಟು ಕಿತ್ತಂಗೆ. ಒಳಗಿರೋದು ಹಂಗೇ ಇರ್ತೈತೆ. ನಿಜವಾಗಿ ಅಳಿಸೋ ಮಾತೇ ಬೇರೆ. ಅನ್‌ಡಿಫೈನ್ ಅಂತ.”

“ಅದು ಕೇಳೋಕೆ ಏನೂ ಆಗ್ದೇ ಇದ್ದಂಗೈತೆ” ಅಂದಳು.

ಹೌದು. ಹೆದರಿಸುವ ಪದ ಏನನ್ನೂ ಅಳಿಸುವುದಿಲ್ಲ. ಮೆತ್ತಗಿರುವ ಪದಕ್ಕೆ ಇನ್ನೊಂದು ತುಣುಕು ಸೇರಿಸಿದರೆ ಡಿಸ್ಕಿನ ಸಮೇತ ಹೋಗುತ್ತದೆ. ಅದನ್ನು ಮೊದಲ ಸಲ ಟೈಪ್ ಮಾಡಿದಾಗ, ಅದು ನನ್ನದೇ ಖಾಲಿ ಮಿಷನ್ ಆಗಿದ್ದರೂ, ಬೆರಳು ನಿಂತುಬಿಟ್ಟಿತು. ಹೆಸರನ್ನು ಒಂದೊಂದೇ ಅಕ್ಷರವಾಗಿ ಒತ್ತಬೇಕು. ಒತ್ತಿದ ಪ್ರತಿ ಅಕ್ಷರ ಕಿವಿಗೆ ಬೀಳುತ್ತದೆ. ಮೌಸಿನಲ್ಲಿ ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ಇರುವುದು ಅಕ್ಕಿಕಾಳಿನಷ್ಟು ದೂರ. ಇಲ್ಲಿ ಯಾವುದನ್ನು ಅಳಿಸುತ್ತಿದ್ದೇನೆಂದು ಪೂರ್ತಿ ಹೆಸರು ಹೇಳದೆ ಅಳಿಸಲಾಗುವುದಿಲ್ಲ. ಹಾಗಂತ ಇದು ಹೆಚ್ಚು ಸುರಕ್ಷಿತವೆಂದು ನಾನು ಹೇಳುವುದಿಲ್ಲ. ಒಂದೇ ಸಾಲಿನಲ್ಲಿ ನಲವತ್ತು ಮಿಷನ್‌ಗಳನ್ನೂ ಒಟ್ಟಿಗೆ ಅಳಿಸಿಬಿಡಬಹುದು. ಅದರ ಅಪಾಯ ಬೇಗನೇ ಅನುಭವಕ್ಕೂ ಬಂತು.

ಪ್ರಾಕ್ಟಿಕಲ್ ಪರೀಕ್ಷೆಯ ದಿನ. ಹೊರಗಿನ ಪರೀಕ್ಷಕರು ಹತ್ತು ಗಂಟೆಗೆ ಬರಬೇಕು. ಮಕ್ಕಳ ಕೆಲಸದ ಪ್ರತಿ ತೆಗೆದಿಟ್ಟಾಗಿತ್ತು; ಅಷ್ಟರೊಳಗೆ ಅವರ ಎಲ್ಲ ಮಿಷನ್‌ಗಳನ್ನೂ ಮೊದಲೇ ಉಳಿಸಿಟ್ಟ ಶುದ್ಧ ಸ್ಥಿತಿಗೆ ಮರಳಿಸಬೇಕು. ಮೌಸಿನಲ್ಲಿ ಒಂದೊಂದಾಗಿ ಮಾಡುತ್ತಿದ್ದ ಯುವ ಉಪನ್ಯಾಸಕರ ಪರದೆ ಮೂರನೆಯ ಮಿಷನ್‌ಗೇ ಹೆಪ್ಪುಗಟ್ಟಿತು. ಮತ್ತೆ ತೆರೆದರೆ ಮತ್ತೆ ನಿಂತಿತು. ಒಂಬತ್ತು ದಾಟಿತ್ತು. ಅವರು ಬೆವರುತ್ತಾ ದಾಸ್ತಾನು ಕೋಣೆಗೆ ಬಂದು, “ಸರ್, ನಿಮಗೆ ಕಮ್ಯಾಂಡ್ ಬರುತ್ತೆ ಅಂತ ಹೇಳಿದ್ರಿ ಅಲ್ವಾ?” ಅಂದರು.

“ನಾನು ಸರ್ವರ್ ಮುಟ್ಟಬಾರದು ಅಂತ ಆದೇಶ ಇದೆ.”

ಅವರು ಪ್ರಾಂಶುಪಾಲರಿಗೆ ಫೋನ್ ಮಾಡಿದರು. ಆ ಕಡೆಯಿಂದ ಏನು ಬಂತೋ, “ನೀವು ಟೈಪ್ ಮಾಡಬೇಕಂತೆ, ನಾನು ಪಕ್ಕದಲ್ಲಿ ಕೂತು ಪ್ರತಿ ಸಾಲು ಓದಬೇಕಂತೆ. ನಾನು ಹೂಂ ಅಂದ ಮೇಲೇ ಎಂಟರ್” ಅಂದರು.

ನಾನು ಹೆಡ್‌ಫೋನ್ ಹಾಕಿಕೊಂಡೆ, ಹಾಗೆಯೇ ಕೂತೆವು. ಮೊದಲು ಒಂದೇ ಮಿಷನ್ ಮೇಲೆ ಮಾಡಿ ನೋಡಿದೆವು, ಸರಿಯಾಗಿ ಮರಳಿತು. ಆಮೇಲೆ ಉಳಿದದ್ದನ್ನೆಲ್ಲ ಸುತ್ತಿಬರುವ ಒಂದು ಸಾಲು ಬರೆದೆ. ಅದನ್ನು ನಡೆಸುವ ಮೊದಲು, ಏನೇನು ಮಾಡಲಿದೆಯೆಂದು ಬರೀ ಬರೆದು ತೋರಿಸುವಂತೆ ಮಾಡಿದೆ. ಅವರು ಹೆಸರುಗಳನ್ನು ಬೆರಳಿಟ್ಟು ಓದುತ್ತಾ ಹೋದರು. ನಡುವೆ ನಿಂತರು.

“ಸರ್, ಇದರಲ್ಲಿ ಲೈಬ್ರರಿ ಮಿಷನ್ನೂ ಇದೆ.”

ಕಾಲೇಜಿನ ಪುಸ್ತಕಗಳ ಪಟ್ಟಿಯೆಲ್ಲ ಇದ್ದ ಮಿಷನ್ ಅದು. ಅದಕ್ಕೂ ಅದೇ ಹೆಸರಿನಲ್ಲಿ ಉಳಿಸಿಟ್ಟ ಹಳೆಯ ಸ್ಥಿತಿಯೊಂದಿತ್ತು, ವರ್ಷದ ಹಿಂದಿನದು. ನನ್ನ ಕಿವಿಗೂ ಆ ಹೆಸರು ಬಿದ್ದಿತ್ತು, ವೇಗದಲ್ಲಿ ದಾಟಿಸಿಬಿಟ್ಟಿದ್ದೆ. ಎಂಟರ್ ಒತ್ತಿದ್ದರೆ ಒಂದು ವರ್ಷದ ದಾಖಲೆ ಹೋಗುತ್ತಿತ್ತು. ಕೈ ಕೀಲಿಮಣೆಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಅವರು ನನ್ನ ನೀರಿನ ಬಾಟಲಿಯನ್ನು ನನ್ನ ಕೈಗೇ ತಾಗಿಸಿದರು. ಆ ಹೆಸರನ್ನು ಬಿಡಿಸಿ ಸಾಲನ್ನು ಮತ್ತೆ ಬರೆದೆ, ಅವರು ಮತ್ತೆ ಪೂರ್ತಿ ಓದಿದರು, ಹೂಂ ಅಂದರು. ಕೆಲವೇ ನಿಮಿಷದಲ್ಲಿ ಎಲ್ಲ ಮಿಷನ್‌ಗಳೂ ತಯಾರಾದವು. ಪರೀಕ್ಷಕರು ಬಂದಾಗ ಮಕ್ಕಳು ಕೂತಾಗಿತ್ತು.

ಸಂಜೆ ಪ್ರಾಂಶುಪಾಲರಿಗೆ ಲೈಬ್ರರಿ ಮಿಷನ್ನಿನ ವಿಷಯವನ್ನೂ ಹೇಳಿದೆ. ಅವರು, “ಇದನ್ನ ಇವತ್ತೇ ಹೇಳ್ತಿದ್ದೀರಿ” ಅಂದರು. ಹೊಗಳಿದರೋ ಚುಚ್ಚಿದರೋ ಈಗಲೂ ಗೊತ್ತಿಲ್ಲ. ಮುಂದಿನ ತಿಂಗಳಿಂದ ಸರ್ವರಿನ ಕೆಲಸ ಇಬ್ಬರದೂ ಆಯಿತು. ಅಳಿಸುವುದು ಏನೇ ಇದ್ದರೂ ಒಬ್ಬರು ಟೈಪ್ ಮಾಡಬೇಕು, ಇನ್ನೊಬ್ಬರು ಗಟ್ಟಿಯಾಗಿ ಓದಬೇಕು. ಅವರು ಟೈಪ್ ಮಾಡಿದಾಗ ನಾನು ಕೇಳಿಸಿಕೊಂಡು ಹೂಂ ಅನ್ನುತ್ತೇನೆ. ವಾರದ ಪ್ರತಿ ಈಗ ತಾನಾಗಿ ಆಗುತ್ತದೆ, ಆದರೂ ಆದದ್ದು ನಿಜವೇ ಎಂದು ಪ್ರತಿ ಸೋಮವಾರ ಒಂದನ್ನು ತೆರೆದು ನೋಡುತ್ತೇವೆ. ಮಿಷನ್‌ಗಳ ಹೆಸರನ್ನೂ ಬದಲಿಸಿದೆವು. ಈಗ ಒಂದು ಬ್ಯಾಚಿಗೆ ಮರದ ಹೆಸರು, ಇನ್ನೊಂದಕ್ಕೆ ಹಕ್ಕಿಯ ಹೆಸರು. ಕಿವಿಗೆ ಒಂದರಂತೆ ಇನ್ನೊಂದು ಕೇಳಿಸಬಾರದು.

ಹುಡುಗಿಯ ಪ್ರಾಜೆಕ್ಟು ಮುಗಿಯಿತು. ಮೊದಲಿನದಕ್ಕಿಂತ ಚಿಕ್ಕದು. ದಾದಿ ಹೇಳಿದ್ದ ಗೊಂಬೆಗಳಲ್ಲಿ ಎಷ್ಟೋ ಹೆಸರುಗಳು ತಂದೆಗೂ ಪುಪ್ಪುಗೂ ನೆನಪಾಗಲಿಲ್ಲ. ಕೆಲವಕ್ಕೆ ಹೆಸರಿತ್ತು, ಬಣ್ಣ ಗೊತ್ತಿರಲಿಲ್ಲ. ಆ ಸಾಲುಗಳನ್ನು ಅವಳು ತೆಗೆಯದೆ ಖಾಲಿ ಬಿಟ್ಟಿದ್ದಳು. ಪರೀಕ್ಷಕರು ಯಾಕೆ ಖಾಲಿ ಅಂತ ಕೇಳಿದರಂತೆ. “ಗೊತ್ತಿದ್ದವರು ಈಗಿಲ್ಲ ಸರ್” ಅಂದಳಂತೆ. ನನ್ನ ಹೆಸರು ಹೇಳಲಿಲ್ಲ. ಹೇಳಿದ್ದರೂ ತಪ್ಪಿರಲಿಲ್ಲ.

ಆಮೇಲೆ ಅವಳು ಮಂಡ್ಯ ಕಡೆಯ ಒಂದು ಕಾಲೇಜಿನಲ್ಲಿ ಡಿಪ್ಲೊಮಾದ ಮೇಲೆ ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಿದಳು ಅಂತ ಕೇಳಿದೆ. ಎರಡು ವರ್ಷ ಮಾತಿರಲಿಲ್ಲ. ನನ್ನ ನೋಟ ಅಷ್ಟರಲ್ಲಿ ಇನ್ನೂ ಕಿರಿದಾಗಿತ್ತು; ಬಿಳಿಕೋಲು ಹಿಡಿಯಲು ಒಪ್ಪಿಕೊಂಡಿದ್ದೆ.

ಹೋದ ವರ್ಷ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಫೋನ್ ಬಂತು. ಧ್ವನಿ ಕೇಳಿದ ಕೂಡಲೇ ಗೊತ್ತಾಯಿತು.

“ಸರ್, ಒಂದು ಡೌಟು. ನನ್ನ ವರ್ಚುವಲ್ ಮಿಷನ್ ಸ್ಟಾರ್ಟೇ ಆಗ್ತಿಲ್ಲ. ಮೂರು ಗಂಟೆಗೆ ತೋರಿಸ್ಬೇಕು.”

“ಏನು ಹೇಳ್ತಿದೆ ಅದು? ಅರ್ಥ ಹೇಳ್ಬೇಡ. ಇದ್ದಂಗೇ ಓದು.”

ಓದಿದಳು. ಡೀಫಾಲ್ಟ್ ಅನ್ನುವ ನೆಟ್‌ವರ್ಕ್ ಚಾಲ್ತಿಯಲ್ಲಿಲ್ಲ ಅಂತ. ಲ್ಯಾಪ್‌ಟಾಪು ಮತ್ತೆ ಆನ್ ಮಾಡಿದಾಗ ಮಿಷನ್‌ಗಳ ನಡುವಿನ ಆ ನೆಟ್‌ವರ್ಕ್ ಏಳದೆ ಉಳಿಯುವುದುಂಟು. ಊಟದ ಕೈಯಲ್ಲೇ ಫೋನನ್ನು ಭುಜಕ್ಕೊತ್ತಿಕೊಂಡು ಹೇಳಿದೆ. “ವರ್ಶ್, ಸ್ಪೇಸ್, ನೆಟ್, ಅಡ್ಡಗೆರೆ, ಸ್ಟಾರ್ಟ್, ಸ್ಪೇಸ್, ಡೀಫಾಲ್ಟ್. ಒತ್ತೋ ಮೊದ್ಲು ಒಂದ್ಸಲ ಓದಿ ಹೇಳು.”

ಅವಳು ಓದಿ ಹೇಳಿದಳು. ಸರಿಯಿತ್ತು.

“ಈಗ ಒತ್ತು. ಆಮೇಲೆ ಮಿಷನ್ ಸ್ಟಾರ್ಟ್ ಮಾಡು.”

ಆ ಕಡೆ ಕೀಲಿಮಣೆಯ ಸದ್ದು, ಯಾರೋ ಹುಡುಗಿಯರು ನಗುವ ಸದ್ದು. ಕಾದೆ.

“ಬಂತು ಸರ್!”

“ಪ್ರತಿಸಲ ತಾನಾಗೇ ಏಳೋ ಹಾಗೆ ಮಾಡೋಕೆ ಇನ್ನೊಂದಿದೆ, ಅದನ್ನೂ ಬರ್ಕೋ” ಅಂದೆ. ಬರೆದುಕೊಂಡಳು. ಅಬ್ಬು, ಅಂದರೆ ಅವಳ ತಂದೆ, ಹೇಗಿದ್ದಾರೆ ಅಂದೆ. ಚೆನ್ನಾಗಿದ್ದಾರೆ, ಈಗ ಹೊಸ ಲೇತ್ ತಗೊಂಡಿದ್ದಾರೆ ಅಂದಳು. “ನಿಮ್ಮ ಕಣ್ಣು ಸರ್?” ಅಂತ ಕೇಳಿದಳು. ಕಡಿಮೆಯಾಗಿದೆ ಅಂದೆ. “ಹ್ಞೂಂ” ಅಂದಳು. ಹಿಂದಿನಿಂದ ಯಾರೋ ಅವಳನ್ನು ಕರೆದರು.

“ಸರ್, ಇಡ್ತೀನಿ, ನನ್ನ ಸರದಿ ಬಂತು” ಅಂದಳು. ನಾನು ತಟ್ಟೆಯಲ್ಲಿ ಉಳಿದಿದ್ದ ಮುದ್ದೆಯನ್ನು ಹುಡುಕಿ ಮುರಿದುಕೊಂಡೆ.